ರೆಂಡರ್ ಪೆಟ್ಟಿಗೆಗೆ ಎರಡನೇ ಪವರ್ ಸಪ್ಲೈ: ಕೆಲಸ ಎಲ್ಲಿಗೆ ಬಂತು

3ಡಿ ದೃಶ್ಯಗಳನ್ನು ಚಿತ್ರವಾಗಿಸುವ (ರೆಂಡರ್ ಮಾಡುವ) ನನ್ನ ಪಿಸಿಯಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡ್ ಅಂತೂ ಓಡುತ್ತಿದೆ. ಹಳೆಯ 3060 ತೆಗೆದಿಲ್ಲ. 3ಡಿ ಸಾಫ್ಟ್‌ವೇರ್ ಬ್ಲೆಂಡರ್ ಎರಡನ್ನೂ ಒಟ್ಟಿಗೆ ದುಡಿಸುತ್ತದೆ. ತೊಡಕಿದ್ದದ್ದು ವಾಟ್ ಲೆಕ್ಕದಲ್ಲಿ. 3090ಕ್ಕೆ 350, 3060ಕ್ಕೆ 170, ಪ್ರೊಸೆಸರು ಮತ್ತು ಉಳಿದದ್ದಕ್ಕೆ ಸುಮಾರು 150. ಕೇಸಿನಲ್ಲಿರುವುದು 550 ವಾಟ್‌ನ ಸಪ್ಲೈ. 1000 ವಾಟ್‌ನದೊಂದು ಕೊಂಡರೆ ಎಲ್ಲ ಸಲೀಸು, ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಮನೆಯಲ್ಲಿ ಒಳ್ಳೆಯ 650 ವಾಟ್‌ನದೊಂದು ಸುಮ್ಮನೆ ಕೂತಿತ್ತು. 3090 ಪೂರ್ತಿ ಅದರ ಪಾಲಿಗೆ ಬಿಟ್ಟೆ.

ಪೂರ್ತಿ ಎಂದದ್ದಕ್ಕೆ ಕಾರಣವಿದೆ. ಕಾರ್ಡಿಗೆ ಕರೆಂಟ್ ಎರಡು ಕಡೆಯಿಂದ ಬರುತ್ತದೆ: 8 ಪಿನ್ ಕನೆಕ್ಟರಿನಿಂದ ತಲಾ 150 ವಾಟ್‌ವರೆಗೆ, ಕೆಳಗಿನ ಸ್ಲಾಟಿನಿಂದ 75 ವಾಟ್‌ವರೆಗೆ. ನೇರ ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಸ್ಲಾಟಿನ ಪಾಲು ಹಳೆಯ ಸಪ್ಲೈ ಮೇಲೆ ಬೀಳುತ್ತದೆ. ಹಾಗೂ ಓಡಿಸುವವರಿದ್ದಾರೆ. ಒಂದೇ ಕಾರ್ಡಿಗೆ ಇಬ್ಬರು ಯಜಮಾನರು ನನಗೆ ಬೇಡವೆನಿಸಿತು. ಆದ್ದರಿಂದ ಪವರ್ಡ್ ರೈಸರ್ ಹಾಕಿದೆ: ಕಾರ್ಡನ್ನು ಮದರ್‌ಬೋರ್ಡಿನಿಂದ ಆಚೆ ಕೂರಿಸಿ ಕೇಬಲ್ಲಿನಿಂದ ಜೋಡಿಸುವ, ತನ್ನದೇ ಕರೆಂಟ್ ವೈರಿರುವ ಪುಟ್ಟ ಸ್ಲಾಟು. ಅದರ ಯುಎಸ್‌ಬಿ ಥರದ ಕೇಬಲ್ಲಿನಲ್ಲಿ ಹೋಗುವುದು ಡೇಟಾ ಮತ್ತು ಗ್ರೌಂಡ್ ಮಾತ್ರ. ಸ್ಲಾಟಿನ ಕರೆಂಟೂ ಎರಡನೇ ಸಪ್ಲೈನಿಂದಲೇ. ರೈಸರಿಗೆ 6 ಪಿನ್ ವೈರನ್ನೇ ಕೊಡಿ. ಹಾರ್ಡ್ ಡಿಸ್ಕಿಗೆ ಹಾಕುವ ಸಾಟಾ ಕನೆಕ್ಟರಿನ ತಾಕತ್ತು 54 ವಾಟ್, 75 ಕೇಳಿದರೆ ಕರಗುತ್ತದೆ. ಡೇಟಾಕ್ಕೆ ಒಂದೇ ಲೇನಿನ (ದಾರಿಯ) ರೈಸರಾದ್ದರಿಂದ ಸೀನ್ ಲೋಡ್ ಆಗುವುದು ನಿಧಾನ. ಒಮ್ಮೆ ಕಾರ್ಡಿನ 24 ಜಿಬಿ ಮೆಮೊರಿಯೊಳಗೆ ಕೂತ ಮೇಲೆ ವ್ಯತ್ಯಾಸ ಕಾಣುವುದಿಲ್ಲ.

ಎರಡೂ ಒಟ್ಟಿಗೆ ಆನ್ ಆಗಲು ಚಿಕ್ಕದೊಂದು ರಿಲೇ (ಕರೆಂಟ್ ಬಂದರೆ ತಾನೇ ಒತ್ತಿಕೊಳ್ಳುವ ಸ್ವಿಚ್) ಬೋರ್ಡು ಸಾಕು. ಮೊದಲನೆಯದರಲ್ಲಿ 12 ವೋಲ್ಟ್ ಬಂದೊಡನೆ ಅದು ಎರಡನೆಯದರ 24 ಪಿನ್‌ನಲ್ಲಿರುವ ಆನ್ ಸಿಗ್ನಲ್ಲಿನ ಹಸಿರು ವೈರನ್ನು ಗ್ರೌಂಡಿನ ಕಪ್ಪು ವೈರಿಗೆ ಸೇರಿಸುತ್ತದೆ. ಪೇಪರ್ ಕ್ಲಿಪ್ ಸಿಕ್ಕಿಸಿದರೂ ಸಪ್ಲೈ ಏಳುತ್ತದೆ, ಆದರೆ ಪಿಸಿ ಆಫ್ ಮಾಡಿದ ಮೇಲೂ ಕಾರ್ಡಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಕಂಪ್ಯೂಟರಲ್ಲ, ಗೋಡೆ. ನಮ್ಮದು ದಾವಣಗೆರೆ ಪಿ.ಜೆ. ಬಡಾವಣೆಯ ಹಳೇ ಮನೆ. ಕೇಸ್ ಮುಟ್ಟಿದರೆ ಬೆರಳು ಜುಮ್ ಎನ್ನುತ್ತಿತ್ತು. ಪ್ರತಿ ಸಪ್ಲೈ ಒಳಗೂ ಫೇಸ್, ನ್ಯೂಟ್ರಲ್ ಎರಡರಿಂದಲೂ ಲೋಹದ ಡಬ್ಬಿಗೆ ಸಣ್ಣ ಕೆಪಾಸಿಟರುಗಳಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಡಬ್ಬಿ 230ರ ಅರ್ಧದಷ್ಟು ವೋಲ್ಟೇಜಿಗೆ ಏರಿ ಕೂರುತ್ತದೆ. ಎರಡು ಸಪ್ಲೈ ಇದ್ದರೆ ಸೋರುವುದೂ ದುಪ್ಪಟ್ಟು.

ಎಲೆಕ್ಟ್ರಿಷಿಯನ್ ಬಂದವರೇ, "ಏನ್ರೀ ಅಣ್ಣಾ, ಕಂಪ್ಯೂಟರ್‌ಗೂ ಗೀಸರ್ ಪಾಯಿಂಟ್ ಬೇಕಾ?" ಅಂದರು. ಬೇಡ. ಒಟ್ಟು 750 ವಾಟ್ ಎಳೆದರೂ ಮೂರು ಆಂಪಿಯರ್ ಚಿಲ್ಲರೆ, 6 ಆಂಪಿಯರ್ ಸಾಕೆಟ್ಟೇ ಧಾರಾಳ. ಸಾಕೆಟ್ ಬಿಚ್ಚಿದರೆ ಮೂರನೇ ತೂತಿನ ಹಿಂದೆ ವೈರೇ ಇಲ್ಲ! ಬೋರ್ಡಿನಿಂದ ಹೊಸದಾಗಿ ಅರ್ಥಿಂಗಿನ ಹಸಿರು ವೈರ್ ಎಳೆದರು, ಹಿತ್ತಲಿನ ಅರ್ಥ್ ಪೈಪಿಗೆ ಉಪ್ಪು-ಇದ್ದಿಲು ತುಂಬಿ ನೀರು ಹುಯ್ದರು. "ಬ್ಯಾಸಿಗೀಲಿ ವಾರಕ್ಕೊಂದ್ಸಲ ಒಂದ್ ಕೊಡ ಹಾಕ್ರೀ" ಎಂದು ಹೇಳಿ ಹೋದರು. ಈಗ ನ್ಯೂಟ್ರಲ್-ಅರ್ಥ್ ನಡುವೆ ಎರಡು ವೋಲ್ಟೂ ಇಲ್ಲ, ಜುಮ್ಮೂ ಇಲ್ಲ. ಎರಡೂ ಸಪ್ಲೈಗಳನ್ನು ಒಂದೇ ಸ್ಪೈಕ್ ಬಸ್ಟರಿಗೆ ಹಾಕಿ, ಡಬ್ಬಿಗಳನ್ನು ಒಂದೇ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಮಾಡಿದ್ದೇನೆ.

ಯುಪಿಎಸ್ ಕೈಬಿಟ್ಟೆ. ಹಾಕುವುದಾದರೆ ಎರಡಕ್ಕೂ ಹಾಕಬೇಕು; ಒಂದಕ್ಕೆ ಮಾತ್ರ ಹಾಕಿದರೆ ಕರೆಂಟ್ ಹೋದಾಗ ಪಿಸಿ ಬದುಕಿದ್ದು ಕಾರ್ಡ್ ಸಾಯುತ್ತದೆ, ಲಿನಕ್ಸ್ ಅದನ್ನು ಬಸ್‌ನಿಂದ (ಕಾರ್ಡನ್ನು ಪಿಸಿಗೆ ಜೋಡಿಸುವ ಡೇಟಾ ದಾರಿಯಿಂದ) ಬಿದ್ದುಹೋದದ್ದೆಂದು ಲಾಗಿನಲ್ಲಿ ಬರೆಯುತ್ತದೆ. ರೆಂಡರ್ ಫ್ರೇಮ್ ಫ್ರೇಮಾಗಿ ಸೇವ್ ಆಗುವುದರಿಂದ ಕರೆಂಟ್ ಹೋದರೆ ನಷ್ಟ ಒಂದೇ ಫ್ರೇಮು.

ಅಂದಹಾಗೆ, ಇದು ಹೊಸ ಹುಚ್ಚೇನಲ್ಲ. 2000ದಲ್ಲೇ 3ಡಿಎಫ್ಎಕ್ಸ್ ಕಂಪನಿ ವೂಡೂ5 6000 ಕಾರ್ಡಿಗೆ ಹೊರಗಿನಿಂದ ಅಡಾಪ್ಟರ್ ಕೊಡಲು ಹೊರಟಿತ್ತು. ಕಾರ್ಡು ಮಾರುಕಟ್ಟೆಗೇ ಬರಲಿಲ್ಲ.

ಪೂರ್ತಿ ಲೋಡಿನಲ್ಲಿ 12 ವೋಲ್ಟ್ ವೈರು 12.1ರ ಆಸುಪಾಸು ನಿಲ್ಲುತ್ತಿದೆ, 11.4ರವರೆಗೆ ಇಳಿದರೂ ಪಿಸಿ ಸಪ್ಲೈಗಳ ಮಾನದಂಡವಾದ ಎಟಿಎಕ್ಸ್ ಒಪ್ಪುತ್ತದೆ. 3090 ಕ್ಷಣಮಾತ್ರಕ್ಕೆ 350 ದಾಟಿ ಜಿಗಿಯುವ ಕಾರ್ಡು. 2022ರ ಎಟಿಎಕ್ಸ್ 3.0 ಸಪ್ಲೈಗಳು ಇಂಥ ಜಿಗಿತ ತಾಳಲೆಂದೇ ಬಂದವು, ನನ್ನದು ಅದಕ್ಕೂ ಹಿಂದಿನದು. ಹಾಗಾಗಿ ಕಾರ್ಡನ್ನು ಹತೋಟಿಯಲ್ಲಿಡುವ ಎನ್ವಿಡಿಯಾ-ಎಸ್‌ಎಂಐ ಕಮಾಂಡಿನಲ್ಲಿ 280 ವಾಟ್‌ಗೆ ಮಿತಿ ಹಾಕಿದೆ. ರೆಂಡರ್ ಸಮಯ ಹೇಳಿಕೊಳ್ಳುವಷ್ಟೇನೂ ಏರಲಿಲ್ಲ, ಫ್ಯಾನಿನ ಗದ್ದಲ ಇಳಿಯಿತು. ಆ ಮಿತಿ ರೀಬೂಟಾದರೆ ಅಳಿಸಿಹೋಗುತ್ತದೆ. ಅದಕ್ಕೊಂದು ಸಿಸ್ಟಮ್‌ಡಿ ಸರ್ವಿಸ್ (ಲಿನಕ್ಸ್ ಏಳುವಾಗ ತಾನೇ ಓಡುವ ಆಜ್ಞೆ) ಬರೆಯುವುದು ಬಾಕಿ. ಆಮೇಲೆ ಚೌಕಟ್ಟಿಗೆ ಜಾಲರಿ. ರೈಸರ್ ಬರಿಮೈಯಲ್ಲಿದೆ, ಮನೆಯಲ್ಲಿ ಬೆಕ್ಕಿದೆ.