ಬಿಯರ್ಡೆಡ್ ಡ್ರ್ಯಾಗನ್ ಮರಿಯೊಂದಿಗೆ ಮೊದಲ 45 ದಿನಗಳು

ದಿನ 1

ಆರು ವಾರದ ಬಿಯರ್ಡೆಡ್ ಡ್ರ್ಯಾಗನ್ ಮರಿಯೊಂದು ಇಂದು ಮನೆಗೆ ಬಂದಿದೆ. ಮೂತಿಯಿಂದ ಬಾಲದ ತುದಿಯವರೆಗೆ 15 ಸೆಂಟಿಮೀಟರ್ ಉದ್ದ, 14 ಗ್ರಾಂ ತೂಕ. ಬೆನ್ನುದ್ದಕ್ಕೂ ತಿಳಿ ಬಣ್ಣದ ಚುಕ್ಕೆಗಳಿರುವುದರಿಂದ ಚುಕ್ಕಿ ಎಂದು ಕರೆಯುತ್ತಿದ್ದೇನೆ. ಗಂಡೋ ಹೆಣ್ಣೋ ಎಂಬುದನ್ನು ಈ ವಯಸ್ಸಿನಲ್ಲಿ ನನ್ನ ಕಣ್ಣು ಗುರುತಿಸಲಾರದು. ಓತಿಕ್ಯಾತಗಳ ಕುಟುಂಬಕ್ಕೇ ಸೇರಿದ, ಆಸ್ಟ್ರೇಲಿಯಾದ ಒಣ ಒಳನಾಡಿನ ಪ್ರಾಣಿ ಇದು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮಿಕ್ಕಿ ಬದುಕುವ ಜೀವವಾದ್ದರಿಂದ, ತರುವ ಮೊದಲು ನಾನು ತಿಂಗಳುಗಟ್ಟಲೆ ಯೋಚಿಸಿದ್ದೆ.

ಗೂಡನ್ನು ವಾರದ ಹಿಂದೆಯೇ ಸಿದ್ಧಪಡಿಸಿದ್ದೆ. ಒಂದು ತುದಿಯಲ್ಲಿ ಶಾಖ ಕೊಡುವ ದೀಪ, ಅದರ ಕೆಳಗೆ ಮೈ ಕಾಯಿಸಿಕೊಳ್ಳಲು ಚಪ್ಪಟೆ ಕಲ್ಲು, ಇನ್ನೊಂದು ತುದಿಯಲ್ಲಿ ತಂಪಾದ ಅಡಗುತಾಣ, ಮೇಲೆ ಉದ್ದನೆಯ ಯುವಿಬಿ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಬೀರುವ) ಟ್ಯೂಬ್. ನೆಲಕ್ಕೆ ಮರಳು ಹಾಕದೆ ಪೇಪರ್ ಟವೆಲ್ ಹಾಸಿದ್ದೇನೆ. ಮರಿಗಳು ಬೇಟೆಯ ಜೊತೆಗೆ ಮರಳನ್ನೂ ನುಂಗಿದರೆ ಕರುಳು ಕಟ್ಟಿಕೊಳ್ಳುವ ಅಪಾಯವಿದೆ. ಮೇಲಾಗಿ ಕಾಗದದ ಮೇಲಾದರೆ ಹಿಕ್ಕೆ ಹೇಗಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ದಿನ 2 ರಿಂದ 5

ಚುಕ್ಕಿ ಸರಿಯಾಗಿ ತಿನ್ನುತ್ತಿಲ್ಲ. ಈ ವಯಸ್ಸಿನ ಮರಿಗೆ ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ ಹತ್ತು ಹದಿನೈದು ನಿಮಿಷ, ಬೇಕೆನಿಸಿದಷ್ಟು ಹುಳು ಕೊಡಬೇಕು. ಹುಳು ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಅದರಂತೆ ಅಳೆದು ಆರಿಸಿದ, ಮಿಡತೆಯನ್ನು ಹೋಲುವ ಸಣ್ಣ ಕ್ರಿಕೆಟ್ ಹುಳುಗಳನ್ನೇ ಬಿಟ್ಟೆನಾದರೂ ಚುಕ್ಕಿ ಒಂದೆರಡನ್ನು ಹಿಡಿದು ಉಳಿದವನ್ನು ಸುಮ್ಮನೆ ನೋಡುತ್ತ ಕುಳಿತಿತು. ಹೊಟ್ಟೆಯ ಮೇಲೆ ಕಪ್ಪು ಗೆರೆಗಳು ಮೂಡಿವೆ. ಹೊಸ ಜಾಗಕ್ಕೆ ಬಂದ ಗಾಬರಿಯಲ್ಲಿ ಹೀಗಾಗುವುದುಂಟೆಂದು ಓದಿದ್ದರಿಂದ ಮೊದಲ ಮೂರು ದಿನ ಕೈಗೆತ್ತಿಕೊಳ್ಳದೆ ಬಿಟ್ಟಿದ್ದೆ. ಐದನೆಯ ದಿನ ತೂಕ 13 ಗ್ರಾಂಗೆ ಇಳಿದಾಗ, ಇಷ್ಟು ಪುಟ್ಟ ದೇಹದಿಂದ ಕಳೆದುಹೋದ ಒಂದು ಗ್ರಾಂ ಎಷ್ಟು ದೊಡ್ಡದೆಂದು ಯೋಚಿಸುತ್ತ ಆ ರಾತ್ರಿ ನಿದ್ದೆ ಬರಲಿಲ್ಲ.

ದಿನ 6

ತಪ್ಪು ಸಿಕ್ಕಿತು, ಅದು ನನ್ನದೇ ತಪ್ಪು. ಗೂಡಿನ ಗೋಡೆಗೆ ಅಂಟಿಸಿದ್ದ ಮುಳ್ಳಿನ ಥರ್ಮಾಮೀಟರ್ 40 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು, ನಾನು ಅದನ್ನು ನಂಬಿಕೊಂಡಿದ್ದೆ. ಇಂದು ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರ್ ತಂದು, ಆ ತುದಿಯನ್ನು ಚುಕ್ಕಿಯ ಹೊಟ್ಟೆ ತಾಗುವ ಕಲ್ಲಿನ ಮೇಲೆಯೇ ಇಟ್ಟು ನೋಡಿದೆ: 33 ಡಿಗ್ರಿ. ಮರಿಗೆ ಅಲ್ಲಿ ಬೇಕಾದದ್ದು 40ರಿಂದ 43.

ಏಳು ಡಿಗ್ರಿಯ ಈ ಕೊರತೆ ಏನು ಮಾಡುತ್ತದೆ ಎಂಬುದು ನನಗೆ ಈಗ ಮನದಟ್ಟಾಗಿದೆ. ತಿಂದ ಅನ್ನವನ್ನು ಅರಗಿಸಲು ಬೇಕಾದ ಬಿಸಿಯನ್ನು ನಮ್ಮ ದೇಹ ತಾನೇ ಉತ್ಪಾದಿಸಿಕೊಳ್ಳುತ್ತದೆ; ಈ ಪ್ರಾಣಿ ಅದನ್ನು ಹೊರಗಿನಿಂದ ಪಡೆಯಬೇಕು. ಕಲ್ಲು ಸಾಕಷ್ಟು ಕಾಯದಿದ್ದರೆ ನುಂಗಿದ ಹುಳು ಹೊಟ್ಟೆಯಲ್ಲಿ ಅರಗದೆ ಉಳಿಯುತ್ತದೆ, ಆಗ ಹಸಿವೂ ಹುಟ್ಟುವುದಿಲ್ಲ. ದೀಪವನ್ನು ಕಲ್ಲಿಗೆ ಹತ್ತಿರವಾಗುವಂತೆ ಕೆಳಗಿಳಿಸಿ, ಎರಡು ತಾಸು ಕಾದು, ಮತ್ತೆ ಅಳೆದೆ. 41 ಡಿಗ್ರಿಗೆ ಬಂದು ನಿಂತಿತು. ತಂಪಿನ ತುದಿ 26ರಲ್ಲೇ ಉಳಿದಿದೆ. ಅದು ಬಹಳ ಮುಖ್ಯ, ಏಕೆಂದರೆ ಬಿಸಿ ಸಾಕೆನಿಸಿದಾಗ ಚುಕ್ಕಿ ಸರಿದು ಹೋಗಲು ಜಾಗ ಬೇಕು.

ಮಧ್ಯಾಹ್ನ ಚುಕ್ಕಿ ಕಲ್ಲಿನ ಮೇಲೆ ಒತ್ತಿದ ರೊಟ್ಟಿಯಂತೆ ಮೈ ಅಗಲಿಸಿ ಮಲಗಿತು. ಸ್ವಲ್ಪ ಹೊತ್ತಿನಲ್ಲಿ ಬೆನ್ನಿನ ಕಂದು ತಿಳಿಯಾಗಿ ಹೊಂಬಣ್ಣಕ್ಕೆ ತಿರುಗಿತು, ಬಾಯಿ ತುಸು ತೆರೆಯಿತು. ಮೈ ಸಾಕಷ್ಟು ಕಾದಾಗ ಹೀಗೆ ಬಾಯಿ ತೆರೆದು ಬಿಸಿಯನ್ನು ಹೊರಬಿಡುತ್ತವೆ.

ದಿನ 7

ಬೆಳಿಗ್ಗೆ ಒಂಬತ್ತು ಹುಳು, ಸಂಜೆ ಹದಿಮೂರು!

ದಿನ 12

ನಾನು ಹತ್ತಿರ ಹೋದಾಗಲೆಲ್ಲ ಚುಕ್ಕಿ ಒಂದು ಮುಂಗಾಲನ್ನೆತ್ತಿ ಗಾಳಿಯಲ್ಲಿ ನಿಧಾನವಾಗಿ ಸುತ್ತು ಬರೆಯುತ್ತದೆ. ನೋಡಲು ಬಹಳ ಮುದ್ದಾಗಿದೆ. ಆದರೆ ಅದು ನಮಸ್ಕಾರವಲ್ಲ. ‘ನಾನು ಚಿಕ್ಕವನು, ನಿನ್ನೊಂದಿಗೆ ಜಗಳಕ್ಕಿಲ್ಲ’ ಎಂದು ತನಗಿಂತ ದೊಡ್ಡ ಪ್ರಾಣಿಗೆ ಶರಣಾಗುವ ಸಂಕೇತ. ಅದರ ಕಣ್ಣಿಗೆ ನಾನಿನ್ನೂ ಬೇಟೆಗಾರನೇ ಎಂದರ್ಥ. ತಲೆಯ ನೆತ್ತಿಯಲ್ಲಿ ಬೆಳಕು ನೆರಳುಗಳನ್ನು ಗ್ರಹಿಸುವ ಚಿಕ್ಕದೊಂದು ಮೂರನೆಯ ಕಣ್ಣು ಇದಕ್ಕಿದೆ. ಮೇಲಿನಿಂದ ಇಳಿಯುವ ಕೈಯ ನೆರಳಿಗೆ ಅದು ಹದ್ದು ಬಂದಂತೆ ಬೆಚ್ಚುತ್ತದೆ. ಹಾಗಾಗಿ ಈಗ ಕೈಯನ್ನು ಪಕ್ಕದಿಂದ, ನೆಲಮಟ್ಟದಲ್ಲಿ, ಅಂಗೈ ಮೇಲೆ ಮಾಡಿ ಇಟ್ಟು ಕಾಯುತ್ತೇನೆ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮನೆಯಲ್ಲಿ ಎಲ್ಲರಿಗೂ ಕಡ್ಡಾಯ ಮಾಡಿದ್ದೇನೆ, ಏಕೆಂದರೆ ಆರೋಗ್ಯವಾಗಿರುವ ಸರೀಸೃಪಗಳ ಮೈಯಲ್ಲೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ದಿನ 16

ನಿನ್ನೆ ಸಂಜೆ ಎರಡು ಹುಳುಗಳು ಕಲ್ಲಿನ ಅಡಿಗೆ ನುಸುಳಿದ್ದನ್ನು ಗಮನಿಸದೆ ದೀಪ ಆರಿಸಿಬಿಟ್ಟಿದ್ದೆ. ಬೆಳಿಗ್ಗೆ ಚುಕ್ಕಿಯ ಬಾಲದ ಬುಡದಲ್ಲಿ ಕಚ್ಚಿದ ಸಣ್ಣ ಕೆಂಪು ಗುರುತು ಕಂಡಿತು. ಮಲಗಿದ ಮರಿಯನ್ನು ಕ್ರಿಕೆಟ್ ಹುಳು ಕಡಿಯುತ್ತದೆಂದು ತಿಳಿದಿದ್ದೂ ಎಚ್ಚರ ತಪ್ಪಿದ್ದು ಮನಸ್ಸಿಗೆ ಬಹಳ ನೋವುಂಟುಮಾಡಿತು. ಇನ್ನು ಮುಂದೆ ಎಣಿಸಿ ಬಿಡುತ್ತೇನೆ, ಎಣಿಸಿ ತೆಗೆಯುತ್ತೇನೆ.

ದಿನ 23

ತೂಕ 22 ಗ್ರಾಂ. ಹುಳುಗಳಿಗೆ ಒಂದು ದಿನ ಮೊದಲೇ ಸೊಪ್ಪು, ಗಜ್ಜರಿ ತಿನ್ನಿಸಿ, ಕೊಡುವ ಮುನ್ನ ಡಬ್ಬಿಯಲ್ಲಿ ಕ್ಯಾಲ್ಸಿಯಂ ಪುಡಿಯೊಂದಿಗೆ ಕುಲುಕಿ ಬೆಳ್ಳಗೆ ಮಾಡಿ ಬಿಡುತ್ತಿದ್ದೇನೆ. ಬೆಳೆಯುವ ಮೂಳೆಗೆ ಕ್ಯಾಲ್ಸಿಯಂ ಸಾಲದೆ ಹೋದರೆ ದವಡೆ ಮೆತ್ತಗಾಗುತ್ತದೆ, ಕಾಲುಗಳು ಬಾಗುತ್ತವೆ, ಮೈ ನಡುಗುತ್ತದೆ. ಒಮ್ಮೆ ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದು ಕಷ್ಟ. ಪುಡಿಯೊಂದೇ ಸಾಲದು. ಆ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ3 ಬೇಕು, ಅದನ್ನು ಚರ್ಮ ತಯಾರಿಸಿಕೊಳ್ಳಲು ಯುವಿಬಿ ಕಿರಣ ಬೇಕು. ಕಿಟಕಿಯ ಗಾಜು ಈ ಕಿರಣವನ್ನು ತಡೆಯುವುದರಿಂದ, ಕಿಟಕಿಯ ಬಳಿ ಎಷ್ಟು ಬಿಸಿಲು ಬಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಸೊಪ್ಪನ್ನು ಸಣ್ಣಗೆ ಹೆಚ್ಚಿ ದಿನವೂ ಇಡುತ್ತಿದ್ದೇನೆ, ಚುಕ್ಕಿ ಅದರ ಮೇಲೆ ನಡೆದುಹೋಗುತ್ತದೆಯೇ ಹೊರತು ತಿನ್ನುವುದಿಲ್ಲ. ಮರಿಗಳ ಒಲವು ಹುಳುವಿನ ಕಡೆಗೇ ಹೆಚ್ಚು, ದೊಡ್ಡವಾದಂತೆ ಸೊಪ್ಪಿನ ಪಾಲು ಹೆಚ್ಚುತ್ತದೆ. ಮನೆಯವರೊಬ್ಬರು ತೋಟದಿಂದ ಮಿಂಚುಹುಳು ಹಿಡಿದು ತಂದು ಕೊಡಲೇ ಎಂದು ಕೇಳಿದಾಗ ಎದೆ ಝಲ್ಲೆಂದಿತು. ಅದರಲ್ಲಿರುವ ವಿಷದಿಂದ ಒಂದೇ ಒಂದು ಹುಳುವೂ ಇದರ ಪ್ರಾಣ ತೆಗೆಯಬಲ್ಲದು.

ದಿನ 31

ಪೊರೆ ಬಿಡುವ ಸಮಯ. ಎರಡು ದಿನದಿಂದ ಮೈ ಮಂಕಾಗಿತ್ತು; ಇಂದು ತಲೆಯ ಚರ್ಮ ಬೂದುಬಣ್ಣದ ಚೂರುಗಳಾಗಿ ಎದ್ದು, ಹಣೆಯ ಮೇಲೆ ಹರಿದ ಕಾಗದದಂತೆ ನಿಂತಿತ್ತು. ಹಾವಿನಂತೆ ಇಡಿಯಾಗಿ ಕಳಚುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಕೀಳಬೇಕೆಂಬ ಆಸೆಯನ್ನು ತಡೆದುಕೊಂಡೆ, ಏಕೆಂದರೆ ಕೆಳಗಿನ ಹೊಸ ಚರ್ಮ ಇನ್ನೂ ಹಸಿ. ಆದರೆ ಹಿಂಗಾಲಿನ ಬೆರಳೊಂದರ ಮೇಲೆ ಹಳೆಯ ಪೊರೆ ದಾರ ಸುತ್ತಿದಂತೆ ಉಳಿದಿರುವುದು ಭೂತಗನ್ನಡಿಯಲ್ಲಿ ಕಂಡಿತು. ಅದು ಬಿಗಿದುಕೊಂಡರೆ ರಕ್ತ ಹರಿಯದೆ ಬೆರಳೇ ಸಾಯಬಹುದು. ಉಗುರುಬೆಚ್ಚಗಿನ ನೀರನ್ನು ಮೊಣಕಾಲ ಮಟ್ಟಕ್ಕೆ ಹಾಕಿ, ಹತ್ತು ನಿಮಿಷ ನಿಲ್ಲಿಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಎರಡು ಬಾರಿ ನೇವರಿಸಿದಾಗ ಆ ಉಂಗುರ ಜಾರಿ ನೀರಿನಲ್ಲಿ ತೇಲಿತು. ಕೆಳಗಿನ ಬೆರಳು ಗುಲಾಬಿ ಬಣ್ಣದ್ದಾಗಿ, ಉಗುರಿನ ಸಮೇತ ಸ್ವಸ್ಥವಾಗಿತ್ತು.

ದಿನ 38

ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ಹಿಕ್ಕೆಯನ್ನು ತೋರಿಸಿದೆ. ಕರುಳಿನ ಪರೋಪಜೀವಿಗಳ ಹಾವಳಿಯಿಲ್ಲ ಎಂದರು. ದವಡೆ ಗಟ್ಟಿಯಾಗಿದೆ, ಬಾಲದ ಗಾಯ ಮಾಸಿದೆ.

ದಿನ 45

ತೂಕ 46 ಗ್ರಾಂ, ಉದ್ದ 24 ಸೆಂಟಿಮೀಟರ್. ಮುಂಗಾಲು ಬೀಸುವುದು ಈಗ ಅಪರೂಪ. ಇಂದು ಬೆಳಿಗ್ಗೆ, ಹುಳು ಕೊಡುವ ಮೊದಲು, ಸಾಸಿವೆ ಸೊಪ್ಪಿನ ಚೂರೊಂದನ್ನು ಚುಕ್ಕಿ ತಲೆ ಓರೆ ಮಾಡಿ ನೋಡಿ, ನಾಲಿಗೆಯ ತುದಿಯಿಂದ ಮುಟ್ಟಿ, ತಿಂದೇಬಿಟ್ಟಿತು. ಕಲ್ಲಿನ ಬಿಸಿ ಅಳೆದಾಗ 41 ಇತ್ತು. ಯುವಿಬಿ ಟ್ಯೂಬ್ ಬೆಳಗುತ್ತಲೇ ಇದ್ದರೂ ಅದರ ಕಿರಣದ ಬಲ ಕಾಲಕ್ರಮೇಣ ಕುಗ್ಗುವುದರಿಂದ, ಅದನ್ನು ಬದಲಿಸಬೇಕಾದ ತಿಂಗಳನ್ನು ಚೀಟಿಯಲ್ಲಿ ಬರೆದು ಗೂಡಿನ ಹಿಂಬದಿಗೆ ಅಂಟಿಸಿದ್ದೇನೆ.