ಇಪ್ಪತ್ತೆಂಟು ಗೆರೆ, ಎರಡು ಸೊನ್ನೆ

ಜೂನ್ ಮೊದಲ ವಾರ. ಭಾನುವಾರ ಸಂಜೆ ಪಕ್ಕದ ತೋಟದ ಕೆಲಸಗಾರರ ಲೈನ್ ಮನೆಯ ಅಕ್ಕ ನಮ್ಮ ಅಂಗಳಕ್ಕೆ ಬಂದರು. ಕೊಡೆ ಮಡಚಲಿಲ್ಲ, ಜಗಲಿಗೂ ಹತ್ತಲಿಲ್ಲ. ನಿಂತಲ್ಲಿಂದಲೇ ಕೇಳಿದರು: "ನಾಳೆ ನಿಮ್ಮ ಓಮ್ನಿ ಸಿಗುತ್ತಾ? ಆನೆಚೌಕೂರು ತನಕ."

ಎಚ್.ಡಿ. ಕೋಟೆಗೆ ಹೊರಟಿದ್ದಾರೆ ಅಂದುಕೊಂಡೆ. ಮಗಳಿಗೆ ದಿನ ತುಂಬಿದೆ, ಬಾಣಂತನಕ್ಕೆ ಹೋಗಬೇಕು ಅಂತ ತಿಂಗಳಿಂದ ಹೇಳುತ್ತಿದ್ದರು. ಆದರೆ ಅದಕ್ಕೆ ಗೋಣಿಕೊಪ್ಪಲಿನಿಂದ ಬಸ್ಸಿದೆ. ಓಮ್ನಿ ಬೇಕಾಗಿದ್ದು ಅವರಿಗಲ್ಲ, ಅವರ ನಾಯಿ ಕೆಂಚಿಗೆ. ಕೆಂಚಿಯನ್ನು ಕಾಡಿನ ಅಂಚಿನಲ್ಲಿ ಇಳಿಸಿ, ತಾವು ಅಲ್ಲೇ ಹುಣಸೂರು ಬಸ್ಸಿಗೆ ಕೈ ತೋರಿಸುವುದು ಅಂತ ಅವರ ಲೆಕ್ಕ.

"ಯಾಕೆ?" ಅಂದೆ.

"ಮೂಗಲ್ಲಿ ರಕ್ತ ಬರ್ತಿದೆ. ಹತ್ತು ದಿನ ಆಯ್ತು. ಲೈನಲ್ಲಿ ಎಲ್ಲರೂ ಬಯ್ತಾರೆ. ನಾನು ಹೋದ ಮೇಲೆ ಹೊಡೆದೇ ಹಾಕ್ತಾರೆ. ಅದಕ್ಕಿಂತ ಕಾಡೇ ಮೇಲು."

ನಾನು ಆಗಲಿ ಅಂದೆ. ಈಗ ಬರೆಯುವಾಗ ನಾಚಿಕೆ ಆಗುತ್ತದೆ, ಆದರೆ ಅಂದದ್ದಂತೂ ನಿಜ. ಆ ದಾರಿಯಲ್ಲಿ ಬಿಟ್ಟ ನಾಯಿ ಎಷ್ಟು ದಿನ ಬದುಕುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ತಿತಿಮತಿ ದಾಟಿದರೆ ಎರಡೂ ಕಡೆ ನಾಗರಹೊಳೆಯ ಕಾಡು. ಚಿರತೆಗೆ ನಾಯಿ ಅಂದರೆ ಹಬ್ಬದೂಟ. ಆದರೂ ಅವರು ಕೇಳಿದ ರೀತಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆರು ವರ್ಷ ಸಾಕಿದ ನಾಯಿಯನ್ನು ಬಿಡಲು ಗಾಡಿ ಕೇಳುವವರ ಮುಖ ನೀವು ನೋಡಿದ್ದೀರೋ ಇಲ್ಲವೋ. ನಾನು 2018ರ ಆಗಸ್ಟಿನಲ್ಲಿ ನೋಡಿದ್ದೆ. ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ, ನಾಯಿಯ ಸರಪಳಿ ಬಿಚ್ಚಿಬಿಟ್ಟು ಉಟ್ಟ ಬಟ್ಟೆಯಲ್ಲಿ ಬಂದವರ ಮುಖ ಹೀಗೇ ಇತ್ತು. ಅವರಲ್ಲಿ ಯಾರಿಗೂ ಪ್ರೀತಿ ಕಡಿಮೆ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಹನಿ ಮಳೆ. ಕೆಂಚಿ ಹಿಂದಿನ ಸೀಟಿನಲ್ಲಿ, ಅಕ್ಕನ ತೊಡೆ ಮೇಲೆ ತಲೆ ಇಟ್ಟು ಮಲಗಿದ್ದಳು. ಕಂದು ಬಣ್ಣದ ಸಾಮಾನ್ಯ ಊರ ನಾಯಿ, ಒಂದು ಕಿವಿ ನೆಟ್ಟಗೆ, ಒಂದು ಮಡಚಿಕೊಂಡಿರುತ್ತದೆ. ಅಮ್ಮತ್ತಿ ದಾಟುವಾಗ ಒಮ್ಮೆ ಸೀನಿದಳು. ಕಿಟಕಿ ಗಾಜಿನ ತುಂಬ ಕೆಂಪು ಚುಕ್ಕಿ. ಅಕ್ಕ ಸೆರಗಿನಿಂದ ಒರೆಸಿದರು. ಗಾಜನ್ನಲ್ಲ, ಅವಳ ಮೂಗನ್ನು.

"ಮೂಗಲ್ಲಿ ಜಿಗಣೆ ಹೊಕ್ಕಿರಬಹುದಾ?" ಅಂತ ಕೇಳಿದೆ. ನಮ್ಮಲ್ಲಿ ಯಾರೇ ಆದರೂ ಮೊದಲು ಕೇಳುವುದು ಅದನ್ನೇ. ತೋಡಿನ ನೀರು ಕುಡಿಯುವಾಗ ಜಿಗಣೆ ಮೂಗಿಗೆ ಸೇರಿಕೊಂಡರೆ ವಾರಗಟ್ಟಲೆ ರಕ್ತ ಬರುತ್ತದೆ.

"ನೋಡಿದೆ ಅಲ್ವಾ. ಅರ್ಧ ದಿನ ನೀರು ಕೊಡದೆ ಇಟ್ಟೆ. ಆಮೇಲೆ ಬೇಸಿನ್ ತುಂಬ ತಣ್ಣೀರು ಮೂಗಿನ ಹತ್ತಿರ ಹಿಡಿದೆ. ಜಿಗಣೆ ಇದ್ದರೆ ನೀರಿನ ವಾಸನೆಗೆ ಕೆಳಗೆ ಇಳೀಬೇಕು. ಒಂದು ಗಂಟೆ ಕೂತೆ. ಏನೂ ಇಳೀಲಿಲ್ಲ."

ಒಂದು ಗಂಟೆ. ಬೆಳಿಗ್ಗೆ ಏಳೂವರೆಗೆ ಮರಕಪಾತಿನ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸಕ್ಕೆ ಹೋಗಿ ಸಂಜೆ ಬಂದವರು, ಬೇಸಿನ್ ಹಿಡಿದು ಒಂದು ಗಂಟೆ ಕೂತಿದ್ದರು. ಆ ಮಾತು ಕೇಳಿದ ಮೇಲೆ ನನಗೆ ಗಾಡಿ ಮುಂದೆ ಓಡಿಸುವುದು ಕಷ್ಟವಾಯಿತು. ಇನ್ನೊಂದು ಮಾತು ಸುಮ್ನೆ ತಲೆಯಲ್ಲಿ ಓಡುತ್ತಿತ್ತು. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ! ಆ ದುಡ್ಡಿಗೆ ಆನೆಚೌಕೂರು ತನಕದ ಪೆಟ್ರೋಲೂ ಬರುವುದಿಲ್ಲ.

ಗೋಣಿಕೊಪ್ಪಲಿನಲ್ಲಿ ಮೈಸೂರು ರಸ್ತೆಗೆ ತಿರುಗುವ ಮೊದಲೇ ಗಾಡಿ ನಿಲ್ಲಿಸಿದೆ. "ಅಕ್ಕ, ಬಿಡೋದು ಹೇಗೂ ಬಿಡ್ತೀವಿ. ಏನಾಗಿದೆ ಅಂತ ಒಮ್ಮೆ ತೋರಿಸಿ ಹೋಗೋಣ. ಹತ್ತು ನಿಮಿಷ."

ಪರಿಚಯದ ಪಶು ಡಾಕ್ಟರು ಜಾಸ್ತಿ ಮಾತಾಡುವವರಲ್ಲ. ಕೆಂಚಿಯ ತುಟಿ ಮೇಲಕ್ಕೆತ್ತಿ ವಸಡು ತೋರಿಸಿದರು. ಗುಲಾಬಿ ಇರಬೇಕಾದದ್ದು ಒಗೆದ ಬಟ್ಟೆಯ ಹಾಗೆ ಬಿಳಿಚಿತ್ತು. ಆಮೇಲೆ ಅವಳನ್ನು ಅಂಗಾತ ಮಲಗಿಸಿದರು. ಹೊಟ್ಟೆಯ ಕೂದಲಿಲ್ಲದ ಜಾಗದಲ್ಲಿ ರಾಗಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಕೆಂಪು ಚುಕ್ಕಿ. ಬೆರಳಿನಿಂದ ಒತ್ತಿದರೂ ಮಾಯವಾಗಲಿಲ್ಲ. ಚರ್ಮದ ಕೆಳಗೆ ಸೋರಿದ ರಕ್ತವಂತೆ ಅದು. ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಉಣುಗು. ಒಂದು ಹನಿ ರಕ್ತ ಕಿಟ್ಟಿಗೆ ಹಾಕಿದರು. ಹತ್ತು ನಿಮಿಷದಲ್ಲಿ ಎರಡು ಗೆರೆ ಮೂಡಿತು, ಕೊರೊನಾ ಕಾಲದಲ್ಲಿ ನಾವೆಲ್ಲ ಹೆದರಿಕೊಂಡು ನೋಡುತ್ತಿದ್ದೆವಲ್ಲ, ಹಾಗೇ.

ಎರ್ಲಿಕಿಯಾ. ಉಣುಗು ಕಚ್ಚಿದಾಗ ರಕ್ತಕ್ಕೆ ಸೇರುವ ಬ್ಯಾಕ್ಟೀರಿಯಾ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದುಹೋಗುತ್ತದೆ, ಅದಕ್ಕೇ ಮೂಗಿನಲ್ಲಿ ರಕ್ತ. ಔಷಧಿ ಡಾಕ್ಸಿಸೈಕ್ಲಿನ್, ಮನುಷ್ಯರಿಗೂ ಕೊಡುವ ಅದೇ ಮಾತ್ರೆ. ದಿನ ತಪ್ಪದೆ 28 ದಿನ.

"ದುಬಾರಿನಾ?" ಅಕ್ಕ ಕೇಳಿದರು.

"ಮಾತ್ರೆ ಅಗ್ಗ," ಅಂದರು ಡಾಕ್ಟರು. "28 ದಿನ ಕೊಡೋ ಮನುಷ್ಯ ಸಿಗೋದು ಕಷ್ಟ."

ಅಕ್ಕ ಸೆರಗಿನ ಗಂಟು ಬಿಚ್ಚಿ 200 ರೂಪಾಯಿ ಮೇಜಿನ ಮೇಲಿಟ್ಟರು. ಬಸ್ಸಿನ ದುಡ್ಡು ಅದು. ನಾನು ಮಾತಾಡದೆ ಅದನ್ನು ಅವರ ಚೀಲಕ್ಕೇ ವಾಪಸ್ ಹಾಕಿದೆ. ಆನೆಚೌಕೂರಿನ ಹೆಸರನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಗಾಡಿ ಬಂದ ದಾರಿಗೇ ತಿರುಗಿತು.

ನಿಜವಾದ ಕಷ್ಟ ಲೈನಿನಲ್ಲಿತ್ತು. ಆರು ಮನೆ ಸಾಲಾಗಿ, ಒಂದಕ್ಕೊಂದು ಅಂಟಿಕೊಂಡಿವೆ. ಎರಡನೇ ಮನೆಯ ತಾತ ನಮ್ಮನ್ನು ನೋಡಿದವರೇ ಎದ್ದು ಬಂದರು. "ಮತ್ತೆ ಯಾಕೆ ತಂದ್ರಿ? ಮಂಗನ ಕಾಯಿಲೆ ಮಕ್ಕಳಿಗೆ ಬಂದ್ರೆ ಯಾರು ನೋಡ್ತಾರೆ?"

ಭಯ ಅಲ್ಲಿತ್ತು ನೋಡಿ. ಉಣುಗು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮಂಗನ ಕಾಯಿಲೆ. ಅದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಗೊತ್ತಾದ ಕಾಯಿಲೆ. ವೈರಸ್ಸಿನದು, ಹರಡುವುದು ಕಾಡಿನ ಉಣುಗಿನಿಂದ. ಕೆಂಚಿಯದು ಬೇರೆ ಕಾಯಿಲೆ, ಅವಳ ಮೈಮೇಲಿದ್ದ ಕಂದು ಉಣುಗೂ ಬೇರೆ ಜಾತಿ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ತಾತ ತಲೆ ಆಡಿಸಿದರು, ನಂಬಲಿಲ್ಲ. ನನ್ನ ಮಾತಿಗೆ ಯಾಕೆ ನಂಬಬೇಕು? ನನ್ನ ಮಕ್ಕಳೇನೂ ಆ ಲೈನಿನಲ್ಲಿ ಮಲಗುವುದಿಲ್ಲ.

ಕೆಲಸ ಮಾಡಿದ್ದು ನಾಲ್ಕನೇ ಮನೆಯ ಅಜ್ಜಿಯ ಮಾತು. ಎಲೆಅಡಿಕೆ ಉಗಿದು ಬಂದು ತಾತನನ್ನು ಕೇಳಿದರು: "ಹೋದ ವಾರ ರಾತ್ರಿ ನೀನು ಚೊಂಬು ಹಿಡ್ಕೊಂಡು ಹೊರಗೆ ಹೊರಟಾಗ ಬೊಗಳಿದ್ದು ಯಾರು?" ಲೈನಿನ ಹಿಂದೆ ಒಂದು ಹಲಸಿನ ಮರವಿದೆ. ಹಣ್ಣಿನ ಕಾಲಕ್ಕೆ ಒಂಟಿ ಸಲಗ ಬರುತ್ತದೆ. ಅಷ್ಟು ದೊಡ್ಡ ಪ್ರಾಣಿ ಸದ್ದೇ ಇಲ್ಲದೆ ಬಂದು ನಿಂತಿರುತ್ತದೆ, ಕತ್ತಲಲ್ಲಿ ನಮಗೆ ಮರ ಯಾವುದು ಆನೆ ಯಾವುದು ಗೊತ್ತಾಗುವುದಿಲ್ಲ. ಮೂಗಲ್ಲಿ ರಕ್ತ ಸುರಿಯುತ್ತಿದ್ದರೂ ಅವತ್ತು ಕೆಂಚಿ ಬೊಗಳಿದ್ದಳು. ತಾತ ಚೊಂಬು ಬಿಟ್ಟು ಒಳಗೆ ಓಡಿದ್ದರಂತೆ. ಎಲ್ಲರೂ ನಕ್ಕರು. ತಾತನೂ ಸ್ವಲ್ಪ ನಕ್ಕರು.

ಆಮೇಲೆ ಮಾತು ಹೇಗೆ ಮಾಡುವುದು ಅನ್ನುವ ಕಡೆ ತಿರುಗಿತು. ಡಾಕ್ಟರು ಒಂದು ಮಾತು ಒತ್ತಿ ಹೇಳಿದ್ದರು. ಉಣುಗು ತನ್ನ ಬದುಕಿನ ಹೆಚ್ಚು ಕಾಲ ನಾಯಿಯ ಮೈಮೇಲೆ ಇರುವುದೇ ಇಲ್ಲ. ರಕ್ತ ಕುಡಿದು ಉದುರಿ, ಗೋಡೆಯ ಬಿರುಕು ಸೇರಿ, ಅಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಯನ್ನು ಓಡಿಸಿದರೂ ಅವು ಗೋಡೆಯಲ್ಲಿ ತಿಂಗಳುಗಟ್ಟಲೆ ಉಪವಾಸ ಕಾಯುತ್ತವೆ. ಹಾಗಾಗಿ ಅಕ್ಕನ ಮನೆ ಒಂದನ್ನೇ ತೊಳೆದು ಪ್ರಯೋಜನವಿಲ್ಲ. ಆರು ಮನೆಗೆ ಇರುವುದು ಒಂದೇ ಗೋಡೆ.

ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರು ಅಲ್ಲೇ ನಿಂತಿದ್ದವರು ಎರಡು ಚೀಲ ಸುಣ್ಣ ಕೊಡಿಸಿದರು. ಕರಿಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತಿನ ಜೊತೆ ಬೆರೆಸಲು ತರಿಸಿಟ್ಟ ಸುಣ್ಣ. ಬಿರುಕುಗಳಿಗೆ ಸಿಮೆಂಟು ಮೆತ್ತಿ ಮೇಲೆ ಸುಣ್ಣ ಬಳಿಯುವುದು ಅಂತಾಯಿತು. ಯಾರೋ ಉಣುಗಿನ ಔಷಧಿ ಹೊಡೆಯೋಣ ಅಂದರು. ಐದನೇ ಮನೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಪರ್ಮೆಥ್ರಿನ್ ತರದ್ದು ನಾಯಿಗೆ ತಡೆದರೂ ಬೆಕ್ಕಿಗೆ ವಿಷ ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅದನ್ನು ಕೈಬಿಟ್ಟೆವು. ಕೆಂಚಿಗೆ ಉಣುಗು ಸಾಯುವ ಮಾತ್ರೆ ಒಂದು ನುಂಗಿಸಿ ಆಗಿತ್ತು. ಅದರ ಬೆಲೆ ಮಾತ್ರ ನಿಜವಾಗಿಯೂ ಕಹಿ.

ಇನ್ನು ಮಾತ್ರೆ ಯಾರು ಕೊಡುವುದು? ಅಜ್ಜಿಗೆ ಕಣ್ಣು ಮಂಜು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಕೊನೆಯ ಮನೆಯ ಹುಡುಗ ಕೈ ಎತ್ತಿದ, ಶಾಲೆಯಲ್ಲಿ ಎತ್ತುವ ಹಾಗೆ. ಅಸ್ಸಾಮಿನಿಂದ ಬಂದು ಒಂದು ವರ್ಷವೂ ಆಗಿಲ್ಲ. ಕನ್ನಡ ಅಷ್ಟಕ್ಕಷ್ಟೆ. ಈ ಮಾತುಕತೆಯಲ್ಲಿ ಅರ್ಧವೂ ಅವನಿಗೆ ಅರ್ಥವಾಗಿರಲಿಲ್ಲ ಅನ್ನಿಸುತ್ತದೆ. "ಕುಕುರ್," ಅಂದ ಕೆಂಚಿಯನ್ನು ತೋರಿಸಿ. ಅವನ ಭಾಷೆಯಲ್ಲಿ ನಾಯಿ. "ನಾನು ಕೊಡ್ತದೆ."

ಹಾಲಲ್ಲಿ ಕೊಡಬಾರದು, ಹಾಲು ಕುಡಿಸಿದರೆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಣ ಮಾತ್ರೆ ಗಂಟಲಲ್ಲಿ ನಿಂತರೆ ಸುಡುತ್ತದೆ, ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಬೇಕು. ಇದನ್ನೆಲ್ಲ ಕೈಸನ್ನೆಯಲ್ಲಿ ಹೇಳಿದೆ. ಅವನು ತನ್ನದೇ ದಾರಿ ಕಂಡುಕೊಂಡ. ಹಂದಿ ಮಾಂಸದ ಅಂಗಡಿಯಿಂದ ಬಿಟ್ಟಿ ಸಿಗುವ ಕೊಬ್ಬಿನ ಚೂರನ್ನು ಬೇಯಿಸಿ, ಸೀಳಿ, ಒಳಗೆ ಒಂದೂವರೆ ಮಾತ್ರೆ. ಕೆಂಚಿಗೆ ಮಾತ್ರೆ ಇದೆ ಅಂತಲೇ ಗೊತ್ತಾಗಲಿಲ್ಲ. ಕೊಟ್ಟ ದಿನ ಗೋಡೆ ಮೇಲೆ ಇದ್ದಿಲಿನಿಂದ ಒಂದು ಗೆರೆ. ಹೊಸ ಸುಣ್ಣದ ಮೇಲೆ ಗೀಚುತ್ತಾನೆ ಅಂತ ತಾತನಿಗೆ ಕೋಪ, ಆ ಗೋಡೆಗೆ ಬಳಿದವರು ಅವರೇ.

ಅಕ್ಕ ಮಂಗಳವಾರ ಹೊರಟರು. ಹೊರಡುವಾಗ ಕೆಂಚಿಯನ್ನು ಮುಟ್ಟಲಿಲ್ಲ, ತಿರುಗಿ ನೋಡಲೂ ಇಲ್ಲ. ಬಸ್ ಸ್ಟಾಪಿನಿಂದ ನನಗೆ ಫೋನ್ ಮಾಡಿ ಒಣಮೀನಿನ ತಲೆ ಎಲ್ಲಿಟ್ಟಿದ್ದೇನೆ ಅಂತ ಹೇಳಿದರು.

ಏಳನೇ ಗೆರೆಯ ಹೊತ್ತಿಗೆ ಮೂಗಿನ ರಕ್ತ ನಿಂತಿತ್ತು. ಎಲ್ಲರೂ ನಿರಾಳವಾಗುವುದು ಅಲ್ಲೇ, ತಪ್ಪು ನಡೆಯುವುದೂ ಅಲ್ಲೇ. ಮೊದಲು ಸಿಕ್ಕಿದ್ದು 15 ದಿನದ ಮಾತ್ರೆ. ಉಳಿದದ್ದನ್ನು ತಂದುಕೊಡುವ ಜವಾಬ್ದಾರಿ ನನ್ನದು. ತಂದದ್ದೂ ಆಯಿತು. ತಂದು ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಆಮೇಲೆ ಮಳೆ ಜೋರಾಯಿತು, ಮರ ಬಿದ್ದು ತಂತಿ ಹರಿಯಿತು, ಮೂರು ದಿನ ಕರೆಂಟಿಲ್ಲ, ಫೋನಿಲ್ಲ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಆ ಹುಡುಗ ಅಂಗಳದಲ್ಲಿ ನಿಂತಿದ್ದಾನೆ. ಕಾಲಿನ ತುಂಬ ಜಿಗಣೆ ಕಚ್ಚಿದ ರಕ್ತ. "ಅಕ್ಕಾ, ಕುಕುರ್ ದವಾಯಿ."

ನನ್ನ ಮನೆಗೂ ಲೈನಿಗೂ ಒಂದು ಕಿಲೋಮೀಟರೂ ಇಲ್ಲ. ಏನು ಹೇಳಲಿ?

ಕರೆಂಟು ಬಂದ ಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. ಬೈದರು, ಎರಡು ದಿನ ಮುಂದೆ ಎಳೆಯಿರಿ ಅಂದರು.

ಅಕ್ಕ ವಾಪಸಾದದ್ದು ಕೊಡವರ ಕಕ್ಕಡ ತಿಂಗಳ ನಡುವೆ, ಬಿಡದ ಮಳೆಯಲ್ಲಿ. ಮೊಮ್ಮಗಳ ಸುದ್ದಿ ಹೇಳಲು ನನ್ನನ್ನೂ ಕರೆದರು. ಕೆಂಚಿ ಅವರನ್ನು ಕಂಡು ಕುಣಿದಳು, ನೆಕ್ಕಿದಳು, ಎಲ್ಲ ಆಯಿತು. ಆಮೇಲೆ ನೆಟ್ಟಗೆ ಕೊನೆಯ ಮನೆಯ ಜಗಲಿಗೆ ಹೋಗಿ ಮಲಗಿದಳು. "ಕೆಂಚೀ" ಅಂದರೆ ಕಿವಿ ಮಾತ್ರ ಅಲ್ಲಾಡುತ್ತದೆ. ಹುಡುಗ "ಕುಕುರ್" ಅಂದರೆ ಎದ್ದು ಕೂರುತ್ತಾಳೆ. ಅಕ್ಕನಿಗೆ ಸಿಟ್ಟು ಬಂತು. ನಿಜವಾದ ಸಿಟ್ಟೇ. "ಇದಕ್ಕೆ ಹಂದಿ ಕೊಬ್ಬು ರೂಢಿ ಮಾಡಿಸಿದ್ದೀರಿ, ಇನ್ನು ನನ್ನ ಒಣಮೀನು ಯಾರಿಗೆ ಬೇಕು?"

ಆಮೇಲೆ ಗೋಡೆಯ ಹತ್ತಿರ ಹೋಗಿ ನಿಂತರು. ಇದ್ದಿಲಿನ ಗೆರೆಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಹದಿನೈದರ ಹತ್ತಿರ ಬೆರಳು ನಿಂತಿತು.

"28 ಗೆರೆ ಸರಿ ಇದೆ. ನಡುವೆ ಈ ಎರಡು ಸೊನ್ನೆ ಏನು?"

ಹುಡುಗ ಏನೂ ಹೇಳಲಿಲ್ಲ. ನನ್ನ ಕಡೆ ನೋಡಿದ.