ಮೊದಲು ತಿಂಡಿ, ಆಮೇಲೆ ಮಾತು

ಈ ವಾರದ ಯುವಜನರ ಕೂಟಕ್ಕೆ ಬೈಬಲಿನ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ಓದುತ್ತಿದ್ದೆ. ಎಷ್ಟು ಸಲ ಓದಿದ್ದೇನೋ, ಆದರೂ ಈ ಸಲ ಆ ಕೆಂಡದ ಹತ್ತಿರವೇ ನಿಂತುಬಿಟ್ಟೆ. ಯೇಸುವಿನ ಶಿಷ್ಯ ಪೇತ್ರ ಮತ್ತು ಜೊತೆಯವರು ರಾತ್ರಿಯಿಡೀ ಬಲೆ ಬೀಸಿದ್ದಾರೆ, ಒಂದು ಮೀನೂ ಇಲ್ಲ. ಬೆಳಗಿನ ಹೊತ್ತಿಗೆ ದಡದಿಂದ ಯೇಸುಸ್ವಾಮಿ ಹೇಳಿದ ಹಾಗೆ ಬಲಗಡೆ ಬಲೆ ಹಾಕಿದರೆ 153 ದೊಡ್ಡ ಮೀನು. ದಡಕ್ಕೆ ಬಂದರೆ ಅಲ್ಲಿ ಆಗಲೇ ಕೆಂಡ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಯೇಸುವನ್ನು ಬಂಧಿಸಿದ ರಾತ್ರಿ ಪೇತ್ರ ಅವರನ್ನು ಗೊತ್ತೇ ಇಲ್ಲ ಅಂದಿದ್ದೂ ಇಂಥದ್ದೇ ಕೆಂಡದ ಮುಂದೆ ಚಳಿ ಕಾಯಿಸುವಾಗ, ಅಲ್ವಾ? ಆದರೂ ಮೊದಲು ತಿನ್ನಲು ಕೊಟ್ಟರು. 'ನನ್ನನ್ನು ಪ್ರೀತಿಸುತ್ತೀಯಾ' ಅಂತ ಮೂರು ಸಲ ಕೇಳಿದ್ದು ಆಮೇಲೆ.

ನಾನು ಉಲ್ಟಾ ಮಾಡಿದ್ದೆ. ಪಿಯುಸಿಯಲ್ಲಿ ಫೇಲಾದ ನಮ್ಮ ಹುಡುಗನೊಬ್ಬ ಎರಡು ತಿಂಗಳಿಂದ ಕೂಟಕ್ಕೆ ಬಂದಿರಲಿಲ್ಲ, ನಾನು ಸುಮ್ನೆ ವಾಟ್ಸಾಪಿನಲ್ಲಿ ವಚನ ಕಳಿಸುತ್ತಾ ಯಾಕೆ ಬರುತ್ತಿಲ್ಲ ಅಂತ ಕೇಳುತ್ತಾ ಇದ್ದೆ. ಮೊನ್ನೆ ಅವನನ್ನು ಮಂಗಳೂರಿನ ಒಂದು ಸಣ್ಣ ಹೋಟೆಲಿಗೆ ಕರೆದುಕೊಂಡು ಹೋದೆ. ಬಿಸಿ ಗೋಳಿಬಜೆಯನ್ನು ಮುರಿದು, ಊದಿ ಊದಿ, ಚಟ್ನಿಗೆ ಅದ್ದಿ ತಿಂದ. ತಲೆ ಎತ್ತಲೇ ಇಲ್ಲ. ನಾನೂ ಏನೂ ಕೇಳಲಿಲ್ಲ, ಬಾಯಿ ಮುಚ್ಚಿ ಕೂರುವುದು ತುಂಬಾ ಕಷ್ಟವಾಯಿತು. ಎರಡನೇ ಪ್ಲೇಟು ಬಂದಾಗ ಅವನೇ ಹೇಳಿದ, "ಅಣ್ಣಾ, ಅಪ್ಪ ನನ್ನ ಹತ್ರ ಮಾತಾಡುದಿಲ್ಲ."

ಭಾನುವಾರ ಬರುತ್ತೀಯಾ ಅಂತ ಇನ್ನೂ ಕೇಳಿಲ್ಲ. ಶನಿವಾರ ಸಂಜೆ ಅವನ ಮನೆಗೆ ಹೋಗುತ್ತಿದ್ದೇನೆ, ಅವನ ಅಪ್ಪನ ಜೊತೆ ಕೂತು ಚಹಾ ಕುಡಿಯಲು.